ಸರ್ಟಿಫಿಕೇಟಿನಲ್ಲಿ ಯಾರ ಹೆಸರು?

ಉಸ್ತಾದರಿಗೆ ಸಿನೆಮಾದ ಉಸಾಬರಿ ಎಂತಕ್ಕೆ ಎಂದು ಕೇಳುವವರು ಇದ್ದೇ ಇರುತ್ತಾರೆ. ಕೇಳಲಿ, ತಪ್ಪಿಲ್ಲ. ಸಿನೆಮಾ ನೋಡಿ ಎಂದು ಯಾರಿಗೂ ಹೇಳಲು ನಾವು ಹೊರಟಿಲ್ಲ. ಆದರೆ ಬೆಳಗ್ಗೆ ಬಂದು ಮದ್ರಸದ ಬೆಂಚಿನಲ್ಲಿ ಕೂರುವ ಮಕ್ಕಳ ತಲೆಯೊಳಗೆ ಹಿಂದಿನ ರಾತ್ರಿ ಏನು ಹೊಕ್ಕಿದೆ ಎಂಬುದು ಕಲಿಸುವವರಿಗೆ ಗೊತ್ತಿರಬೇಕಲ್ವಾ? ಈಗ ಥಿಯೇಟರಿಗೆ ಹೋಗುವ ಅಗತ್ಯವೂ ಇಲ್ಲ. ಬಾಪನ ಮೊಬೈಲ್ ಚಾರ್ಜಿಗೆ ಇಟ್ಟ ಮೂಲೆಯಲ್ಲೇ ಥಿಯೇಟರ್ ಉಂಟು.

ಹಾಗೆ ಮಕ್ಕಳು ತುಂಡು ತುಂಡಾಗಿ ನೋಡುವ, ದೊಡ್ಡವರು ಟಿವಿಯಲ್ಲಿ ಎಷ್ಟೋ ಸಲ ನೋಡಿ ಮುಗಿಸಿರುವ ಹಿಂದಿ ಸಿನೆಮಾ ‘ತ್ರೀ ಈಡಿಯಟ್ಸ್’. ರಾಜ್‌ಕುಮಾರ್ ಹಿರಾನಿ ನಿರ್ದೇಶಿಸಿದ್ದು, 2009ರ ಡಿಸೆಂಬರ್ 25ರಂದು ಬಿಡುಗಡೆಯಾದದ್ದು. ಚೇತನ್ ಭಗತ್ ಅವರ ‘ಫೈವ್ ಪಾಯಿಂಟ್ ಸಮ್‌ವನ್’ ಕಾದಂಬರಿಯಿಂದ ಒಂದು ಎಳೆ ಎತ್ತಿಕೊಂಡು ಮಾಡಿದ ಕಥೆ. ಅದರಲ್ಲಿ ಕಾಣುವ ಇಂಜಿನಿಯರಿಂಗ್ ಕಾಲೇಜಿಗೆ ಕಥೆಯಲ್ಲಿ ಬೇರೆ ಹೆಸರು ಉಂಟು. ಆದರೆ ಆ ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಓಣಿಗಳೆಲ್ಲ ನಮ್ಮ ಬೆಂಗಳೂರಿನ ಐಐಎಂನವು. ಬನ್ನೇರುಘಟ್ಟ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತಿರುತ್ತದೆ.

ಮೂವರು ಹುಡುಗರು, ಒಬ್ಬ ಕಠೋರ ಡೈರೆಕ್ಟರ್, ಹಾಸ್ಟೆಲಿನ ಕಿತಾಪತಿ, ಕರೆಯದ ಮದುವೆಗೆ ಹೋಗಿ ಉಂಡು ಸಿಕ್ಕಿಬೀಳುವುದು, ಇಷ್ಟನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ಕಷ್ಟ ಬಂದಾಗ ಎದೆಯ ಮೇಲೆ ಕೈ ಇಟ್ಟು ಎಲ್ಲ ಸರಿ ಉಂಟು ಎಂದು ಹೇಳಿಕೊಳ್ಳುವುದನ್ನಂತೂ ಪರೀಕ್ಷೆಯ ದಿನ ನಮ್ಮ ಮಕ್ಕಳೂ ಮಾಡುತ್ತಾರೆ. ಬಿಸ್ಮಿ ಹೇಳಿ ಮಕ್ಕಳೇ ಎಂದರೆ ಎರಡನ್ನೂ ಮಾಡಿಬಿಡುತ್ತಾರೆ!

ನಮ್ಮ ಮನೆಗಳಿಗೆ ಈ ಸಿನೆಮಾ ಇಷ್ಟು ನಾಟಿದ್ದಕ್ಕೆ ಒಂದು ಕಾರಣ ಫರ್ಹಾನ್ ಖುರೇಷಿ. ಮೂವರಲ್ಲಿ ಕಥೆ ಹೇಳುವವನು ಅವನೇ. ಹಿಂದಿ ಸಿನೆಮಾದಲ್ಲಿ ಮುಸ್ಲಿಂ ಪಾತ್ರ ಎಂದರೆ ಒಂದೋ ಕವ್ವಾಲಿ ಹಾಡಬೇಕು, ಇಲ್ಲ ಬಾಂಬ್ ಇಡಬೇಕು, ಅದೂ ಇಲ್ಲದಿದ್ದರೆ ಹೀರೋನ ಪ್ರಾಣ ಉಳಿಸಿ ತಾನು ಸಾಯಬೇಕು. ಈ ಫರ್ಹಾನ್ ಇದು ಯಾವುದನ್ನೂ ಮಾಡುವುದಿಲ್ಲ. ಅವನಿಗೆ ಕಾಡುಪ್ರಾಣಿಗಳ ಫೋಟೊ ತೆಗೆಯುವ ಹುಚ್ಚು. ಅವನ ಅಪ್ಪನಿಗೆ ಮಗ ಇಂಜಿನಿಯರ್ ಆಗಬೇಕೆಂಬ ಹುಚ್ಚು. ಹುಟ್ಟಿ ಒಂದು ನಿಮಿಷ ಆಗುವಷ್ಟರಲ್ಲಿ ಅಪ್ಪ ಅದನ್ನು ತೀರ್ಮಾನಿಸಿಬಿಟ್ಟಿದ್ದಾರೆ. ಮಗುವಿನ ಕಿವಿಗೆ ಅದಾನ್ ಬೀಳುವ ಮೊದಲೇ ಇಂಜಿನಿಯರಿಂಗ್ ಬಿದ್ದಿರಬೇಕು!

ಆ ಮನೆಯಲ್ಲಿ ಇರುವುದು ಒಂದೇ ಎಸಿ. ಅದನ್ನು ಮಗ ಓದುವ ಕೋಣೆಗೆ ಹಾಕಿದ್ದಾರೆ. ಅಪ್ಪ-ಅಮ್ಮ ಬೆವರುತ್ತಾ ಮಲಗುತ್ತಾರೆ. ಈ ಒಂದು ವಿವರ ಸಾಕು, ಅಪ್ಪ ಕೆಟ್ಟವರಲ್ಲ ಎಂದು ತಿಳಿಯಲು. ನಮ್ಮಲ್ಲಿಯೂ ಅಷ್ಟೆ ಅಲ್ವಾ? ಪಿಯುಸಿಯ ಮಗನ ಕೋಣೆಗೆ ಹೊಸ ಫ್ಯಾನ್ ಬರುತ್ತದೆ, ಉಳಿದವರಿಗೆ ಟಿವಿ ಸೌಂಡ್ ಕಡಿಮೆ ಮಾಡಿ ಎಂಬ ಆರ್ಡರ್ ಬರುತ್ತದೆ. ಕೊನೆಗೆ ಫರ್ಹಾನ್ ಅಪ್ಪನ ಮುಂದೆ ಕೂತು ಮಾತಾಡುತ್ತಾನೆ. ಕೂಗಾಡುವುದಿಲ್ಲ, ಮನೆ ಬಿಟ್ಟು ಹೋಗುತ್ತೇನೆ ಎನ್ನುವುದಿಲ್ಲ. ಪರ್ಸಿನಲ್ಲಿ ಇಟ್ಟುಕೊಂಡಿರುವ ಅಪ್ಪ-ಅಮ್ಮನ ಫೋಟೊ ತೆಗೆದು ತೋರಿಸುತ್ತಾನೆ. ಬದುಕು ಸಾಕು ಅನಿಸಿದ ಹೊತ್ತಿಗೆ ಈ ಎರಡು ಮುಖಗಳನ್ನು ನೋಡು ಎಂದು ಗೆಳೆಯ ಅದನ್ನು ಇಡಿಸಿದ್ದು. ಸ್ವಲ್ಪ ಹೊತ್ತಿನಲ್ಲಿ ಅಪ್ಪ ಕೇಳುತ್ತಾರೆ, ಕೆಲಸಕ್ಕೆಂದು ಕೊಂಡ ಲ್ಯಾಪ್‌ಟಾಪ್ ವಾಪಸ್ ಕೊಟ್ಟರೆ ಕ್ಯಾಮರಾ ಬರುತ್ತದಾ ಎಂದು. ತಂದೆ-ಮಕ್ಕಳ ಅದಬ್ ಬಗ್ಗೆ ನಾವು ಒಂದು ಗಂಟೆ ವಅಳ್ ಹೇಳಿದರೂ ಆ ಐದು ನಿಮಿಷದ ಕೆಲಸ ಆಗುವುದು ಕಷ್ಟ. ಇದನ್ನು ಒಪ್ಪಿಕೊಳ್ಳಲು ನಮಗೇನೂ ನಾಚಿಕೆ ಇಲ್ಲ.

ಇದು ಬರೀ ಭಾವುಕತೆಯ ಮಾತೂ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ ಜೀವ ಕಳೆದುಕೊಂಡ ವಿದ್ಯಾರ್ಥಿಗಳು 13 ಸಾವಿರಕ್ಕೂ ಹೆಚ್ಚು. ಸಿನೆಮಾದ ಜಾಯ್ ಲೋಬೊ ಅಂಥವನೇ. ಕ್ಯಾಮರಾ ಇಟ್ಟು ಹಾರಿಸುವ ಪುಟ್ಟ ಹೆಲಿಕಾಪ್ಟರ್ ಮಾಡುತ್ತಿದ್ದ ಹುಡುಗ. ಗಡುವಿನೊಳಗೆ ಮುಗಿಯಲಿಲ್ಲ. ಡೈರೆಕ್ಟರ್ ನೇರ ಅವನ ತಂದೆಗೆ ಫೋನ್ ಮಾಡಿ ಈ ವರ್ಷ ನಿಮ್ಮ ಮಗ ಪಾಸಾಗುವುದಿಲ್ಲ ಎಂದುಬಿಡುತ್ತಾರೆ. ಆಮೇಲೆ ಆ ಹುಡುಗ ಇರುವುದಿಲ್ಲ. ನಗಿಸುತ್ತಾ ನಗಿಸುತ್ತಾ ಅಲ್ಲಿಗೆ ಕರೆದುಕೊಂಡು ಹೋಗುತ್ತಾರೆ, ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಆ ಡೈರೆಕ್ಟರನ ಸ್ವಂತ ಮಗನಿಗೂ ಸಾಹಿತ್ಯ ಓದುವ ಆಸೆ ಇತ್ತು, ಅಪ್ಪ ಬಿಡಲಿಲ್ಲ, ಅವನ ಸಾವು ಅಪಘಾತ ಅಲ್ಲ ಎಂಬುದು ಕೊನೆಯಲ್ಲಿ ಹೊರಬರುತ್ತದೆ. ಹಾಲ್‌ಟಿಕೆಟ್ ಬಂದ ಮೇಲೆ ಉಣ್ಣುವುದನ್ನು ಬಿಟ್ಟ, ಮಾತು ಬಿಟ್ಟ ಮಗು ಮನೆಯಲ್ಲಿದ್ದರೆ ಹತ್ತಿರ ಕೂರಿಸಿ ಕೇಳಿ. ಮಾರ್ಕಿನ ವಿಷಯ ಎತ್ತಬೇಡಿ. ಅಗತ್ಯ ಕಂಡರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಊದಿಸಿ ಮಂತ್ರಿಸಿದ ನೀರು ಕುಡಿಸಿದರೆ ಮುಗಿಯಿತು ಎಂದು ಬಿಡಬೇಡಿ. ನಮ್ಮ ಹತ್ತಿರ ನೀರು ಹಿಡಿದುಕೊಂಡು ಬಂದವರಿಗೆ ನಾವು ಹೇಳುವುದೂ ಇದನ್ನೇ.

ಸಿನೆಮಾದಲ್ಲಿ ನಗಲು ಆಗದ ಒಂದು ಜಾಗವೂ ಉಂಟು, ಹೇಳದೆ ದಾಟಿ ಹೋಗಲು ಮನಸ್ಸಿಲ್ಲ. ಚತುರ್ ಎಂಬ ಬಾಯಿಪಾಠದ ಹುಡುಗನಿಗೆ ಹಿಂದಿ ಸರಿಯಾಗಿ ಬರುವುದಿಲ್ಲ. ಅವನ ಭಾಷಣದಲ್ಲಿ ಗೆಳೆಯರು ಒಂದು ಪದ ಬದಲಿಸಿ ಚಮತ್ಕಾರದ ಜಾಗದಲ್ಲಿ ಬಲಾತ್ಕಾರ ಎಂದು ಓದಿಸುತ್ತಾರೆ. ಸಭೆಯೆಲ್ಲ ಬಿದ್ದು ಬಿದ್ದು ನಗುತ್ತದೆ. ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದಕ್ಕೆ ನಗುವುದು ಹೇಗೆ? ಬಾಯಿಪಾಠ ಮಾಡುವವರನ್ನು ಗೇಲಿ ಮಾಡಲು ಬೇರೆ ದಾರಿ ಇರಲಿಲ್ಲವಾ? ಮತ್ತೆ ಬಾಯಿಪಾಠವೇ ತಪ್ಪು ಎಂಬ ಮಾತನ್ನು ನಾವು ಪೂರ್ತಿ ಒಪ್ಪುವವರಲ್ಲ. ಖುರ್‌ಆನ್ ಕಂಠಪಾಠ ಮಾಡಿಸುವವರು ಒಪ್ಪುವುದು ಹೇಗೆ? ಕಂಠಪಾಠ ಮೊದಲ ಮೆಟ್ಟಿಲು, ಅರ್ಥ ಎರಡನೆಯದು. ಚತುರನ ಸಮಸ್ಯೆ ಏನೆಂದರೆ ಅವನು ಮೊದಲ ಮೆಟ್ಟಿಲಲ್ಲೇ ಚಾಪೆ ಹಾಸಿ ಮಲಗಿದ್ದಾನೆ.

ಇರಲಿ. ಇಷ್ಟು ದೂರದ ವಿಷಯವನ್ನು ಎಲ್ಲರೂ ಮಾತಾಡಿದ್ದಾರೆ. ಯಾರೂ ಅಷ್ಟಾಗಿ ಮಾತಾಡದೆ ಬಿಟ್ಟದ್ದು ಶಿಮ್ಲಾದ ಕಥೆ. ಅದನ್ನು ಎತ್ತಲೆಂದೇ ನಾವು ಈ ಸಲ ಪೆನ್ನು ಹಿಡಿದದ್ದು.

ಕಾಲೇಜಿನಲ್ಲಿ ಎಲ್ಲರಿಗಿಂತ ಬುದ್ಧಿವಂತನಾದ ರಾಂಚೋ, ಅಂದರೆ ರಂಛೋಡ್‌ದಾಸ್ ಚಾಂಚಡ್, ಪದವಿ ಮುಗಿದ ದಿನವೇ ಯಾರಿಗೂ ಹೇಳದೆ ಮಾಯವಾಗುತ್ತಾನೆ. ವರ್ಷಗಳ ನಂತರ ಗೆಳೆಯರಿಬ್ಬರು ಅವನನ್ನು ಹುಡುಕಿಕೊಂಡು ಶಿಮ್ಲಾದ ದೊಡ್ಡ ಮನೆಗೆ ಹೋಗುತ್ತಾರೆ. ಗೋಡೆಯಲ್ಲಿ ಅದೇ ಕಾಲೇಜಿನ ಡಿಗ್ರಿ ಸರ್ಟಿಫಿಕೇಟ್, ಅದೇ ಬ್ಯಾಚಿನ ಗ್ರೂಪ್ ಫೋಟೊ. ಆದರೆ ಫೋಟೊದಲ್ಲಿ ತಮ್ಮ ಗೆಳೆಯನ ಜಾಗದಲ್ಲಿ ಬೇರೆ ಯಾರೋ ನಿಂತಿದ್ದಾನೆ! ರಂಛೋಡ್‌ದಾಸ್ ಯಾರು ಎಂದರೆ ಆ ಬೇರೆ ಯಾರೋ ಎದ್ದು ಬಂದು ನಾನೇ ಎನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ. ಹೆಸರು ಅವನದೇ. ಓದಿದವನು ಮಾತ್ರ ಬೇರೆ. ಓದಿದ್ದು ಆ ಮನೆಯ ಕೆಲಸದ ಹುಡುಗ. ಎಲ್ಲರೂ ಅವನನ್ನು ‘ಚೋಟೇ’ ಎಂದು ಕರೆಯುತ್ತಿದ್ದರು. ಯಜಮಾನರ ಮಗನಿಗೆ ಓದು ತಲೆಗೆ ಹತ್ತುತ್ತಿರಲಿಲ್ಲ. ಚೋಟೇ ಯೂನಿಫಾರ್ಮ್ ಹಾಕಿಕೊಂಡು ಶಾಲೆಗೆ ನುಗ್ಗಿ ಬೇಕಾದ ತರಗತಿಯಲ್ಲಿ ಕೂತು ಬರುತ್ತಿದ್ದ. ಒಂದು ದಿನ ಸಿಕ್ಕಿಬಿದ್ದ. ಆಗ ಯಜಮಾನರು ಒಂದು ಒಳ್ಳೆಯ ಲೆಕ್ಕ ಹಾಕಿದರು: ಇವನು ಓದಲಿ, ಸರ್ಟಿಫಿಕೇಟ್ ನನ್ನ ಮಗನ ಹೆಸರಲ್ಲಿ ಬರಲಿ. ಓದಿ ಮುಗಿದ ಮೇಲೆ ಇವನು ಯಾರ ಕಣ್ಣಿಗೂ ಬೀಳಬಾರದು.

ಇಷ್ಟು ದೊಡ್ಡ ಅನ್ಯಾಯವನ್ನು ಸಿನೆಮಾ ಏಳೆಂಟು ನಿಮಿಷದಲ್ಲಿ, ಅದೂ ಕಮೋಡಿನ ಹತ್ತಿರ ಅಸ್ಥಿಯ ಕುಡಿಕೆ ಹಿಡಿದು ಹೆದರಿಸುವ ತಮಾಷೆಯ ನಡುವೆ, ಹೇಳಿ ಮುಗಿಸಿಬಿಡುತ್ತದೆ. ನಾವೆಲ್ಲ ನಗುತ್ತಾ ಲಡಾಕಿಗೆ ಹೊರಟುಬಿಡುತ್ತೇವೆ. ಆದರೆ ಒಮ್ಮೆ ನಿಂತು ನೋಡಿ. ಇಡೀ ಕಾಲೇಜಿನ ಅತಿ ಜಾಣ ವಿದ್ಯಾರ್ಥಿ ಆ ಕಾಲೇಜಿನ ದಾಖಲೆಯಲ್ಲಿ ಇಲ್ಲವೇ ಇಲ್ಲ. ಫೀಸು ಕಟ್ಟಿದವನ ಮಗ ಇದ್ದಾನೆ.

ಇದು ನಮ್ಮವರಿಗೆ ಅರ್ಥವಾಗದ ವಿಷಯ ಅಲ್ಲ. ಗಲ್ಫಿನಲ್ಲಿ ಅಂಗಡಿ ಹಾಕಿದವರು ಪ್ರತಿ ಊರಲ್ಲೂ ಇದ್ದಾರೆ, ಅವರನ್ನು ಕೇಳಿ. ಬಂಡವಾಳ ನಮ್ಮವರದು, ನಿದ್ದೆ ಕೆಟ್ಟದ್ದು ನಮ್ಮವರು, ಲೈಸೆನ್ಸ್ ಮಾತ್ರ ಖಫೀಲನ ಹೆಸರಲ್ಲಿ. ವರ್ಷಕ್ಕೆ ಇಷ್ಟು ಎಂದು ಅವನಿಗೆ ಕೊಡಬೇಕು. ಅವನಿಗೆ ಸಿಟ್ಟು ಬಂದ ದಿನ ಅಂಗಡಿ ಅವನದೇ. ಯುಎಇಯಲ್ಲಿ 2021ರಲ್ಲಿ ಕಾನೂನು ಬದಲಾಗಿ ಹೆಚ್ಚಿನ ವ್ಯಾಪಾರಗಳಲ್ಲಿ ಹೊರದೇಶದವರೇ ಪೂರ್ತಿ ಮಾಲಕರಾಗಬಹುದು ಎಂದಾಯಿತು. ಅದಕ್ಕೆ ಮೊದಲು ಇಪ್ಪತ್ತು, ಮೂವತ್ತು ವರ್ಷ ದುಡಿದು ಹೆಸರಿಲ್ಲದೆ ಊರಿಗೆ ಬಂದವರ ಎದೆಯಲ್ಲಿ ಏನಿದೆ ಎಂಬುದನ್ನು ಆ ಚೋಟೇ ಬಲ್ಲ.

ಸಿನೆಮಾದ ಆರಂಭದಲ್ಲಿ ಡೈರೆಕ್ಟರ್ ಹೊಸ ಹುಡುಗರಿಗೆ ಕೋಗಿಲೆಯ ಗೂಡಿನ ಪಾಠ ಮಾಡುತ್ತಾರೆ. ಕೋಗಿಲೆ ತಾನು ಗೂಡು ಕಟ್ಟುವುದಿಲ್ಲ, ಬೇರೆ ಹಕ್ಕಿಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ, ಅಲ್ಲಿದ್ದ ಮೊಟ್ಟೆ ಕೆಳಗೆ ಬೀಳುತ್ತದೆ, ಬದುಕು ಎಂದರೆ ಹೀಗೆ ಎಂದು. ಓಟದಲ್ಲಿ ಗೆಲ್ಲಬೇಕು ಎಂಬುದಕ್ಕೆ ಅದನ್ನು ಹೇಳಿದ್ದು ಎಂದು ಆಗ ತೋರುತ್ತದೆ. ಶಿಮ್ಲಾದ ಗೋಡೆ ನೋಡಿದ ಮೇಲೆ ಆ ಪಾಠದ ನಿಜವಾದ ಕೋಗಿಲೆ ಸಿಗುತ್ತದೆ. ಕಾವು ಕೊಟ್ಟದ್ದು ಯಾರೋ, ಹಾರಿದ್ದು ಯಾರೋ. ಡೈರೆಕ್ಟರ್ ಇಡೀ ಸಿನೆಮಾದಲ್ಲಿ ಬೈದದ್ದು ಗೂಡಿನಿಂದ ಕೆಳಗೆ ತಳ್ಳಲ್ಪಟ್ಟ ಮೊಟ್ಟೆಯನ್ನು.

ಇನ್ನೊಬ್ಬ ಚೋಟೇ ಅದೇ ಹಾಸ್ಟೆಲಿನಲ್ಲಿದ್ದಾನೆ. ಹುಡುಗರ ಬಟ್ಟೆಗೆ ಇಸ್ತ್ರಿ ಹಾಕುವ, ಚಾ ತಂದುಕೊಡುವ ಪೋರ. ಎಲ್ಲರೂ ಅವನನ್ನು ಮಿಲಿಮೀಟರ್ ಎನ್ನುತ್ತಾರೆ. ರಾಂಚೋ ಅವನಿಗೆ ಒಮ್ಮೆ ಹೇಳುತ್ತಾನೆ, ಕಲಿಯಲು ಫೀಸು ಬೇಡ, ಒಂದು ಯೂನಿಫಾರ್ಮ್ ತೆಗೆದುಕೊ, ಯಾವುದಾದರೂ ಶಾಲೆಗೆ ಹೋಗಿ ಮಕ್ಕಳ ಗುಂಪಿನಲ್ಲಿ ಕೂತುಬಿಡು ಎಂದು. ಮೊದಲ ಸಲ ನೋಡುವಾಗ ಅದು ತಮಾಷೆ. ಎರಡನೆಯ ಸಲ ನೋಡುವವರಿಗೆ ಗೊತ್ತಾಗುತ್ತದೆ, ಅವನು ಹೇಳಿದ್ದು ತನ್ನದೇ ಕಥೆ. ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಎಪ್ರಿಲ್ 1ರಂದು, ಈ ಸಿನೆಮಾ ಬಂದ ಮೂರು ತಿಂಗಳ ನಂತರ. ಕಳ್ಳತನದಿಂದ ಹೋಗಿ ಕೂರಬೇಕಾಗಿದ್ದ ಬೆಂಚು 6ರಿಂದ 14 ವರ್ಷದ ಮಕ್ಕಳಿಗೆ ಹಕ್ಕು ಎಂದಾಯಿತು.

ಯೂನಿಫಾರ್ಮ್ ಎಂದ ಕೂಡಲೇ ನಮ್ಮ ಕರಾವಳಿಯ ಮನೆಗಳಲ್ಲಿ ಬೇರೆಯೇ ನೆನಪು ಬರುತ್ತದೆ, ಬಾರದೆ ಇರುತ್ತದಾ? ಸಿನೆಮಾದಲ್ಲಿ ಬಡ ಹುಡುಗನಿಗೆ ಯೂನಿಫಾರ್ಮ್ ಗೇಟು ತೆರೆಯುವ ಕೀಲಿ. ಉಡುಪಿಯಲ್ಲಿ ಶುರುವಾಗಿ 2022ರಲ್ಲಿ ರಾಜ್ಯಕ್ಕೆಲ್ಲ ಹಬ್ಬಿದ ವಿವಾದದಲ್ಲಿ ಅದೇ ಯೂನಿಫಾರ್ಮ್ ನಮ್ಮ ಹೆಣ್ಣುಮಕ್ಕಳ ಮುಂದೆ ಗೇಟು ಮುಚ್ಚುವ ಚಿಲಕವಾಯಿತು. ಆ ವರ್ಷ ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ದಿಕ್ಕಿನ ತೀರ್ಪು ಕೊಟ್ಟರು. ಕೋರ್ಟಿನ ಮಾತು ಕೋರ್ಟಿಗೆ ಇರಲಿ. ಆ ಗಲಾಟೆಯಲ್ಲಿ ಪುಸ್ತಕ ಕಟ್ಟಿಟ್ಟು ಮನೆಯಲ್ಲಿ ಕೂತ ಹುಡುಗಿಯರು ಆಮೇಲೆ ಏನಾದರು ಎಂದು ಮನೆ ಮನೆಗೆ ಹೋಗಿ ಕೇಳಿದ ಜಮಾಅತ್‌ಗಳು ಎಷ್ಟು? ಬೀದಿಯಲ್ಲಿ ಘೋಷಣೆ ಕೂಗಿದವರು ಅವರಲ್ಲಿ ಎಷ್ಟು ಜನರಿಗೆ ಬೇರೆ ಕಾಲೇಜಿನ ಫೀಸು, ಬಸ್ಸಿನ ಪಾಸು ಮಾಡಿಸಿಕೊಟ್ಟರು?

ಹೆಸರಿನ ವಿಷಯಕ್ಕೆ ಬರುತ್ತೇವೆ. ಇಲ್ಮ್ ಯಾರ ಬಾಯಿಂದ ಬಂತೋ ಅವರ ಹೆಸರನ್ನು ಹೇಳಲೇಬೇಕು ಎಂಬ ಶಿಸ್ತು ನಮ್ಮ ದೀನಿನಲ್ಲಿ ಇರುವಷ್ಟು ಬೇರೆಲ್ಲಿ ಉಂಟೋ ಗೊತ್ತಿಲ್ಲ. ಹದೀಸಿನ ಕಿತಾಬು ತೆರೆದರೆ ಮೊದಲು ಬರುವುದು ಸನದ್, ಆಮೇಲೆ ಮತ್ನ್. ಇವರು ಅವರಿಂದ, ಅವರು ಇನ್ನೊಬ್ಬರಿಂದ. ಆ ಸರಪಳಿಗಳಲ್ಲಿ ಬಹಳ ಗಟ್ಟಿ ಎಂದು ಇಮಾಮ್ ಬುಖಾರಿ ಎಣಿಸಿದ, ಉಲಮಾಗಳು ಬಂಗಾರದ ಸರಪಳಿ ಎಂದು ಕರೆಯುವ ಸನದ್ ಯಾವುದು? ಇಮಾಮ್ ಮಾಲಿಕ್ ಅವರು ನಾಫಿಅ್ ಅವರಿಂದ, ನಾಫಿಅ್ ಅವರು ಅಬ್ದುಲ್ಲಾ ಇಬ್ನು ಉಮರ್ (ರ) ಅವರಿಂದ. ಎರಡು ಮಹಾನ್ ಹೆಸರುಗಳ ನಡುವೆ ಇರುವ ಈ ನಾಫಿಅ್ ಯಾರು? ಇಬ್ನು ಉಮರ್ ಅವರ ಮನೆಯಲ್ಲಿ ಗುಲಾಮರಾಗಿದ್ದು ಬಿಡುಗಡೆ ಹೊಂದಿದವರು. ಆ ಮನೆಯ ‘ಚೋಟೇ’ ಎನ್ನಿ. ಅವರು ಕಲಿತದ್ದನ್ನು ಯಜಮಾನರ ಮಗನ ಹೆಸರಿಗೆ ಬರೆಯಬಹುದಿತ್ತು. ಇಬ್ನು ಉಮರ್ ಅವರ ಮಗ ಸಾಲಿಂ ಕೂಡ ದೊಡ್ಡ ಆಲಿಮರೇ. ಆದರೆ ಸಾಲಿಂ ಹೇಳಿದ್ದು ಸಾಲಿಂ ಹೆಸರಲ್ಲಿ, ನಾಫಿಅ್ ಹೇಳಿದ್ದು ನಾಫಿಅ್ ಹೆಸರಲ್ಲಿ ಉಳಿಯಿತು. ಮಕ್ಕಾದಲ್ಲಿ ಜನರೆಲ್ಲ ಫತ್ವಾ ಕೇಳಲು ಹೋಗುತ್ತಿದ್ದ ಅತಾಅ್ ಇಬ್ನು ಅಬೀ ರಬಾಹ್ ಕೂಡ ಗುಲಾಮಗಿರಿಯ ಹಿನ್ನೆಲೆಯಿಂದ ಬಂದ ಕಪ್ಪು ಬಣ್ಣದ ಮನುಷ್ಯರು.

ಸರಪಳಿಯಲ್ಲಿ ತಾನು ನಿಜವಾಗಿ ಕೇಳಿದವರ ಹೆಸರನ್ನು ಮುಚ್ಚಿಟ್ಟು ಮೇಲಿನವರಿಂದಲೇ ಕೇಳಿದ ಹಾಗೆ ತೋರಿಸುವುದಕ್ಕೆ ಹದೀಸ್ ಶಾಸ್ತ್ರದಲ್ಲಿ ‘ತದ್‌ಲೀಸ್’ ಎನ್ನುತ್ತಾರೆ. ಹಾಗೆ ಮಾಡಿದವರ ಮಾತನ್ನು ಮುಹದ್ದಿಸರು ಜರಡಿ ಹಿಡಿದೇ ತೆಗೆದುಕೊಳ್ಳುತ್ತಿದ್ದರು. ಶಿಮ್ಲಾದ ಆ ಯಜಮಾನರು ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದು ತದ್‌ಲೀಸನ್ನೇ. ದರ್ಸಿನ ಮುತಅಲ್ಲಿಮರಿಗೆ ಇನ್ನು ಈ ಪದ ಮರೆಯಲಿಕ್ಕಿಲ್ಲ!

ಇಲ್ಲಿ ಒಂದು ತಕರಾರು ನಮಗೂ ಸಿನೆಮಾದ ಜೊತೆ ಉಂಟು. ರಾಂಚೋಗೆ ಬೇಕಾದದ್ದು ಜ್ಞಾನ, ಡಿಗ್ರಿಯ ಕಾಗದ ಅವನಿಗೆ ಲೆಕ್ಕಕ್ಕಿಲ್ಲ ಎಂದು ಸಿನೆಮಾ ಅವನನ್ನು ದೊಡ್ಡವನನ್ನಾಗಿ ಮಾಡುತ್ತದೆ. ಅವನ ನಿಜವಾದ ಹೆಸರು ಫುನ್‌ಸುಖ್ ವಾಂಗ್ಡು, 400 ಪೇಟೆಂಟ್‌ಗಳ ಒಡೆಯ, ಲಡಾಕಿನಲ್ಲಿ ಮಕ್ಕಳಿಗೆ ಶಾಲೆ ನಡೆಸುತ್ತಾನೆ ಎಂದು ಕೊನೆಗೆ ಗೊತ್ತಾಗುತ್ತದೆ. ನೋಡಲು ಚಂದ. ಆದರೆ ಇದನ್ನು ನೋಡಿ ಪಿಯುಸಿಯಲ್ಲಿ ಎರಡು ವಿಷಯ ಬಾಕಿ ಇಟ್ಟುಕೊಂಡ ನಮ್ಮ ಹುಡುಗರು ಸರ್ಟಿಫಿಕೇಟ್ ಎಂತಕ್ಕೆ ಉಸ್ತಾದ್, ಟ್ಯಾಲೆಂಟ್ ಇದ್ದರೆ ಸಾಕು ಎನ್ನುತ್ತಾರೆ. ಹೌದಾ ಮಾರಾಯ? ಟ್ಯಾಲೆಂಟ್ ತೋರಿಸಲು ಒಳಗೆ ಬಿಡಬೇಕಲ್ಲ, ಗೇಟಿನಲ್ಲಿ ಕೇಳುವುದೇ ಸರ್ಟಿಫಿಕೇಟ್. ಕಾಗದ ಬೇಡ ಎಂದು ಹೇಳುವ ತಾಕತ್ತು ಇರುವುದು ಅಪ್ಪನ ಆಸ್ತಿ ಇರುವವರಿಗೆ. ಕೆಲಸದ ಮನೆಯ ಹುಡುಗನಿಗೆ ಕಾಗದವೇ ಆಸ್ತಿ. ಅದನ್ನು ಯಜಮಾನರಿಗೆ ಕೊಟ್ಟು ಬರಿಗೈಯಲ್ಲಿ ಹೋದವರು ನಿಜ ಜೀವನದಲ್ಲಿ ವಿಜ್ಞಾನಿಗಳಾಗುವುದಿಲ್ಲ, ಇನ್ನೊಂದು ಮನೆಯ ಕೆಲಸಕ್ಕೆ ಹೋಗುತ್ತಾರೆ.

2006ರ ಸಾಚಾರ್ ಸಮಿತಿ ವರದಿಯನ್ನು ನಮ್ಮ ಭಾಷಣಗಳಲ್ಲಿ ಎಲ್ಲರೂ ಎತ್ತುತ್ತಾರೆ. ಅದರಲ್ಲಿ ಎರಡು ಲೆಕ್ಕ ಉಂಟು. ದೇಶದ ಉನ್ನತ ಕಾಲೇಜುಗಳ ಪದವಿ ತರಗತಿಗಳಲ್ಲಿ 25 ವಿದ್ಯಾರ್ಥಿಗಳಲ್ಲಿ ಒಬ್ಬ ಮಾತ್ರ ಮುಸ್ಲಿಂ. ಮತ್ತೆ, 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಒಂದೋ ಶಾಲೆಗೇ ಹೋಗಿಲ್ಲ, ಇಲ್ಲ ಅರ್ಧದಲ್ಲಿ ಬಿಟ್ಟಿದ್ದಾರೆ. ಮೊದಲ ಲೆಕ್ಕದವನು ಫರ್ಹಾನ್. ಅವನ ಬಗ್ಗೆ ನಾವು ಬೇಕಾದಷ್ಟು ಮಾತಾಡುತ್ತೇವೆ. ನೀಟ್ ಕೋಚಿಂಗ್, ಸಿಇಟಿ ಮಾಹಿತಿ ಶಿಬಿರ, ಸನ್ಮಾನ, ಎಲ್ಲ ಅವನಿಗೆ. ಎರಡನೆಯ ಲೆಕ್ಕದವರು ಮಿಲಿಮೀಟರ್‌ಗಳು. ಅವರು ನಮ್ಮದೇ ಮನೆಯ ಅಡುಗೆಕೋಣೆಯ ಬಾಗಿಲ ಹಿಂದೆ ಇರಬಹುದು.

ಉಳ್ಳವರ ಮನೆಗಳಲ್ಲಿ ಬಾಣಂತಿಯ ಉಪಚಾರಕ್ಕೆ, ಮಗು ಎತ್ತಿಕೊಳ್ಳಲು ಎಂದು ಘಟ್ಟದ ಮೇಲಿನ, ಕಾಡಂಚಿನ ಬಡವರ ಹುಡುಗಿಯನ್ನು ತಂದು ನಿಲ್ಲಿಸಿಕೊಳ್ಳುವುದು ಇನ್ನೂ ಪೂರ್ತಿ ನಿಂತಿಲ್ಲ. ಅವಳ ಮದುವೆಯ ಖರ್ಚು ನಾವೇ ನೋಡಿಕೊಳ್ಳುತ್ತೇವೆ, ಮಗಳ ಹಾಗೆ ನೋಡುತ್ತೇವೆ ಎನ್ನುತ್ತಾರೆ. ಮಗಳ ಹಾಗೆ ಎಂದರೆ ಬೆಳಗ್ಗೆ ಎಂಟು ಗಂಟೆಗೆ ಸ್ಕೂಲ್ ವ್ಯಾನ್ ಬಂದಾಗ ಅವಳೂ ಹತ್ತಬೇಕಲ್ಲ? ಅವಳು ವ್ಯಾನಿನವರೆಗೆ ಬ್ಯಾಗ್ ಹೊತ್ತುಕೊಂಡು ಹೋಗಿ ವಾಪಸ್ ಬರುತ್ತಾಳೆ. 14ರ ಒಳಗಿನ ಮಕ್ಕಳನ್ನು ಮನೆಗೆಲಸಕ್ಕೆ, ಹೋಟೆಲಿಗೆ ಇಟ್ಟುಕೊಳ್ಳುವಂತಿಲ್ಲ ಎಂಬ ಕೇಂದ್ರ ಸರಕಾರದ ಆದೇಶ 2006ರ ಅಕ್ಟೋಬರ್ 10ರಿಂದಲೇ ಉಂಟು. 2016ರಲ್ಲಿ ಕಾನೂನು ಇನ್ನೂ ಬಿಗಿಯಾಯಿತು. ಕಾನೂನಿಗೆ ಹೆದರದವರು ಕಿಯಾಮತ್ ದಿನದ ವಿಚಾರಣೆಗಾದರೂ ಹೆದರಬೇಕು. ಆ ಹುಡುಗಿ ಕಲಿಯಬಹುದಾಗಿದ್ದದ್ದು ಯಾರ ಲೆಕ್ಕಕ್ಕೆ ಹೋಯಿತು ಎಂದು ಕೇಳಿದರೆ ಅಲ್ಲಿ ಎಂತ ಹೇಳುವುದು?

ಹೊರಗಿನವರ ಮಗಳ ವಿಷಯ ಬಿಡಿ, ಸ್ವಂತ ಮಗಳು? ನಮ್ಮ ಜಿಲ್ಲೆಯಲ್ಲಿ ಬೀಡಿ ಕಟ್ಟಿ ಸಾಕಿದ ಮನೆಗಳ ಲೆಕ್ಕ ಯಾರಲ್ಲೂ ಇಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಎಲೆ ಕತ್ತರಿಸಲು ಕೂತ ಅಕ್ಕ, ಬ್ರಾಂಚಿಗೆ ಬೀಡಿ ಕೊಟ್ಟು ಬಂದ ದುಡ್ಡಲ್ಲಿ ತಮ್ಮನ ಪುಸ್ತಕ, ತಮ್ಮನ ಹಾಸ್ಟೆಲ್ ಫೀಸು. ಕೊನೆಗೆ ಸೀಟು ಸಿಕ್ಕಿದಾಗ ಅಕ್ಕನ ಬಳೆ ಬ್ಯಾಂಕಿಗೆ ಹೋಯಿತು. ತಮ್ಮ ಇಂಜಿನಿಯರ್ ಆದ, ಜುಬೈಲಿಗೆ ಹೋದ, ಮಾಳಿಗೆ ಮನೆ ಕಟ್ಟಿದ. ಗೋಡೆಯ ಸರ್ಟಿಫಿಕೇಟಿನಲ್ಲಿ ತಮ್ಮನ ಹೆಸರು ಮಾತ್ರ ಇರುವುದು, ಅದು ಸರಿಯೇ, ಪರೀಕ್ಷೆ ಬರೆದದ್ದು ಅವನೇ. ಆದರೆ ಬಾಪನ ಜಾಗ ಪಾಲು ಮಾಡುವ ದಿನ ಅಕ್ಕನಿಗೆ ಮದುವೆಯಲ್ಲಿ ಕೊಟ್ಟದ್ದು ಸಾಕು ಎಂದು ಸಹಿ ಹಾಕಿಸಿಕೊಂಡು ಕಳಿಸುತ್ತಾರಲ್ಲ, ಅಲ್ಲಿ ನಮ್ಮ ಮನೆಗಳು ಶಿಮ್ಲಾದ ಮನೆಯಾಗುತ್ತವೆ. ಮೀರಾಸಿನಲ್ಲಿ ಅವಳ ಪಾಲು ಅಲ್ಲಾಹು ನಿಗದಿ ಮಾಡಿದ್ದು, ತಮ್ಮನ ಔದಾರ್ಯ ಅಲ್ಲ.

ಸಿನೆಮಾದ ಮೂರನೆಯ ಗೆಳೆಯ ರಾಜು ರಸ್ತೋಗಿಗೂ ಒಬ್ಬಳು ಅಕ್ಕ ಇದ್ದಾಳೆ, ಹೆಸರು ಕಮ್ಮೋ. ಹಾಸಿಗೆ ಹಿಡಿದ ಅಪ್ಪ, ಬೆಲೆಯೇರಿಕೆಯ ಗೋಳು ಹೇಳುವ ಅಮ್ಮ, ವರನ ಕಡೆಯವರಿಗೆ ಮಾರುತಿ ಕಾರು ಕೊಡಲಾಗದೆ ಮದುವೆ ನಿಂತ ಅಕ್ಕ. ಆ ಮನೆಯನ್ನು ಕಪ್ಪು-ಬಿಳುಪಿನ ಹಳೆಯ ಸಿನೆಮಾದ ಹಾಗೆ ತೋರಿಸಿ ನಗಿಸುತ್ತಾರೆ. ಅಷ್ಟು ಜನ ನಗುವಾಗ ಕಮ್ಮೋ ಒಂದು ಮಾತಾದರೂ ಆಡಿದ್ದು ನಿಮಗೆ ನೆನಪಿದೆಯಾ? ಅವಳಿಗೆ ಓದುವ ಆಸೆ ಇತ್ತಾ ಎಂದು ಆ ಮೂವರು ಜಾಣರಲ್ಲಿ ಒಬ್ಬನೂ ಕೇಳುವುದಿಲ್ಲ. ಎಷ್ಟೋ ಒಳ್ಳೆಯ ಪ್ರಶ್ನೆ ಎತ್ತಿದ ಸಿನೆಮಾ ಇದನ್ನು ಎತ್ತಲಿಲ್ಲ.

ಎಸೆಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಜಮಾಅತ್‌ಗಳಲ್ಲಿ ಸನ್ಮಾನದ ಸಾಲು ಶುರುವಾಗುತ್ತದೆ. ವೇದಿಕೆ ತುಂಬ ಕುರ್ಚಿ, ಕುರ್ಚಿ ತುಂಬ ಹಾಜಿಗಳು, ಉದ್ಯಮಿಗಳು. ಹುಡುಗನಿಗೆ ಶಾಲು ಹೊದಿಸಿ ಒಂದು ಸ್ಮರಣಿಕೆ. ಸ್ಮರಣಿಕೆಯಲ್ಲಿ ಹುಡುಗನ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಪ್ರಾಯೋಜಕರ ಹೆಸರು. ಅವರ ಸಹಾಯವನ್ನು ಅಲ್ಲಾಹು ಸ್ವೀಕರಿಸಲಿ. ಆದರೆ ಹುಡುಗನ ಹೆಸರು ಕರೆಯುವ ಮೊದಲು ಮೈಕಿನಲ್ಲಿ ಅವನ ಸನದ್ ಓದಬಹುದಲ್ವಾ? ಇಂಥವನು, ದಕ್ಕೆಯಲ್ಲಿ ಮೀನು ಹೊತ್ತ ಇಂಥ ಬಾಪನಿಂದ, ಬೀಡಿ ಕಟ್ಟಿದ ಇಂಥ ಅಕ್ಕನಿಂದ, ಒಂದನೇ ಕ್ಲಾಸಿನಲ್ಲಿ ಅಕ್ಷರ ತಿದ್ದಿಸಿದ ಸರಕಾರಿ ಶಾಲೆಯ ಇಂಥ ಟೀಚರಿಂದ. ಎರಡು ನಿಮಿಷ ಹಿಡಿಯುತ್ತದೆ. ಸ್ವಾಗತ ಭಾಷಣದಲ್ಲಿ ಅಷ್ಟು ಉಳಿಸಬಹುದು. ಉಮ್ಮ, ಅಕ್ಕಂದಿರು ಬಂದು ಕೂರಲು ಮಸೀದಿಯ ಅಂಗಳದಲ್ಲಿ ಅನುಕೂಲ ಇಲ್ಲದಿದ್ದರೆ ಶಾಲೆಯ ಹಾಲ್ ತೆಗೆದುಕೊಳ್ಳಿ.

ಇನ್ನೊಂದು, ವಿದ್ಯಾರ್ಥಿವೇತನ ಕೊಡುವ ಕಮಿಟಿಗಳಿಗೆ. ನಿಮ್ಮ ಅರ್ಜಿ ಫಾರ್ಮಿನಲ್ಲಿ ತಂದೆಯ ಉದ್ಯೋಗ, ವಾರ್ಷಿಕ ವರಮಾನ, ಪಡೆದ ಅಂಕ ಎಲ್ಲ ಕೇಳುತ್ತೀರಿ. ಅದರ ಕೆಳಗೆ ಒಂದು ಕಾಲಂ ಹೆಚ್ಚು ಹಾಕಿ: ಈ ಮನೆಯಲ್ಲಿ, ಯಾರ ಮಗುವೇ ಆಗಿರಲಿ, ಶಾಲೆಗೆ ಹೋಗದ 18ರ ಒಳಗಿನವರು ಇದ್ದಾರಾ, ಇದ್ದರೆ ಹೆಸರೇನು? ದೇಣಿಗೆ ಕೊಡುವವರ ಮನೆಗೂ ಅದೇ ಫಾರ್ಮ್ ಒಂದು ಪ್ರತಿ ಹೋಗಲಿ. ಹೊಸ ವರ್ಷದ ಫಾರ್ಮ್ ಇನ್ನೂ ಪ್ರೆಸ್ಸಿಗೆ ಹೋಗಿರಲಿಕ್ಕಿಲ್ಲ. ಒಂದು ಗೆರೆ ಹೆಚ್ಚಾದರೆ ಪ್ರಿಂಟಿನವರು ಬೇರೆ ದುಡ್ಡು ಕೇಳುವುದಿಲ್ಲ.